ಆರ್ ಗ್ರಾಫಿನಲ್ಲಿ ಲೆಜೆಂಡ್, ಅಕ್ಷ, ಲೇಬಲ್: ಯಾವುದರ ಕೀಲಿ ಎಲ್ಲಿದೆ?

ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಗ್ರಾಫ್ ಬರೆಯಲು ಒಂದೇ ಸಾಲು ಸಾಕು. ಆ ಗ್ರಾಫನ್ನು ಬೇರೆಯವರು ಓದುವಂತೆ ಮಾಡಲು ಹೊರಟಾಗ ಅರ್ಧ ದಿನ ಹೋಗುತ್ತದೆ. ಲೆಜೆಂಡಿನ, ಅಂದರೆ ಯಾವ ಬಣ್ಣ ಯಾವುದಕ್ಕೆ ಎಂದು ಹೇಳುವ ಪಟ್ಟಿಯ ತಲೆಬರಹ ಬದಲಾಗುವುದಿಲ್ಲ, ತಿಂಗಳುಗಳು ಅಕಾರಾದಿಯಲ್ಲಿ ಕೂರುತ್ತವೆ, ಅಕ್ಷದ ಮಿತಿ ಬದಲಿಸಿದರೆ ಗೆರೆಯೇ ಬೇರೆ ದಿಕ್ಕು ಹಿಡಿಯುತ್ತದೆ. ಇವು ಬಿಡಿಬಿಡಿ ತೊಂದರೆಗಳಂತೆ ಕಂಡರೂ ಮೂಲ ಒಂದೇ: ಬದಲಿಸಬೇಕಾದ್ದರ ಕೀಲಿ ಒಂದು ಕಡೆ ಇರುತ್ತದೆ, ನಾವು ಇನ್ನೊಂದು ಕಡೆ ತಿರುಗಿಸುತ್ತಿರುತ್ತೇವೆ.

ಕಮಾಂಡ್‌ಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಅಂಡರ್‌ಸ್ಕೋರ್ ಮತ್ತು ಚುಕ್ಕೆ ಇದ್ದ ಹಾಗೆಯೇ ಹಾಕಿಕೊಳ್ಳಬೇಕು. ಟ್ರೂ, ಫಾಲ್ಸ್, ಎನ್ಎ ಮಾತ್ರ ಪೂರ್ತಿ ದೊಡ್ಡಕ್ಷರದಲ್ಲಿ, ‘ಆಸ್.ಡೇಟ್’ನ ಡಿ ದೊಡ್ಡಕ್ಷರದಲ್ಲಿ, ಕಾಲಂ ಹೆಸರುಗಳು ದತ್ತಾಂಶದಲ್ಲಿ ಇದ್ದಂತೆ.

ಉದಾಹರಣೆಗೆ ಆರ್ ಜೊತೆಗೇ ಬರುವ ‘ಏರ್‌ಕ್ವಾಲಿಟಿ’ ದತ್ತಾಂಶವನ್ನು ತೆಗೆದುಕೊಳ್ಳೋಣ. 1973ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನ್ಯೂಯಾರ್ಕ್‌ನಲ್ಲಿ ದಿನದಿನವೂ ಅಳೆದ ಗಾಳಿಯ ಲೆಕ್ಕ ಅದು. ಒಟ್ಟು 153 ಸಾಲು. ಓಝೋನ್ ಪ್ರಮಾಣ ಪಿಪಿಬಿಯಲ್ಲಿದೆ, ಅಂದರೆ ನೂರು ಕೋಟಿ ಭಾಗಕ್ಕೆ ಎಷ್ಟು ಭಾಗ ಎಂಬ ಲೆಕ್ಕ. ಉಷ್ಣಾಂಶ ಫ್ಯಾರನ್‌ಹೀಟ್‌ನಲ್ಲಿ, 56ರಿಂದ 97ರವರೆಗೆ. ತಿಂಗಳು 5, 6, 7, 8, 9 ಎಂಬ ಬರಿಯ ಅಂಕಿ. ಓಝೋನ್ ಕಾಲಂನಲ್ಲಿ 37 ದಿನಗಳ ಅಳತೆಯೇ ಇಲ್ಲ. ಆ 37ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆರ್‌ನಲ್ಲಿ ಗ್ರಾಫ್ ಬರೆಯುವ ಪ್ಯಾಕೇಜಾದ ಜಿಜಿಪ್ಲಾಟ್‌2ರಲ್ಲಿ ಉಷ್ಣಾಂಶವನ್ನು ಎಕ್ಸ್ ಅಕ್ಷಕ್ಕೆ, ಓಝೋನನ್ನು ವೈ ಅಕ್ಷಕ್ಕೆ, ತಿಂಗಳನ್ನು ಬಣ್ಣಕ್ಕೆ ಕೊಟ್ಟು ‘ಜಿಯೋಮ್_ಪಾಯಿಂಟ್’ ಹಾಕಿದರೆ ಚುಕ್ಕೆಗಳೇನೋ ಬರುತ್ತವೆ. ಅಕ್ಷಗಳ ಮೇಲೆ ಕಾಲಂ ಹೆಸರೇ ಇರುತ್ತದೆ, ಯಾವ ಮಾನದಲ್ಲಿ ಅಳೆದದ್ದು ಎಂಬ ಸುಳಿವಿಲ್ಲ. ಬಲಗಡೆ ಐದು ತಿಂಗಳ ಪಟ್ಟಿಯ ಬದಲು ಕಡುನೀಲಿಯಿಂದ ತಿಳಿನೀಲಿಗೆ ಹರಿಯುವ ಒಂದು ಬಣ್ಣದ ಪಟ್ಟಿ. ತಿಂಗಳು ಅಂಕಿಯಾಗಿರುವುದರಿಂದ 5 ಮತ್ತು 6ರ ನಡುವೆ ಐದೂವರೆ ತಿಂಗಳೂ ಉಂಟು ಎಂದು ಆರ್ ನಂಬಿದೆ. ಲೆಜೆಂಡಿನ ಕಮಾಂಡನ್ನು ಎಷ್ಟು ತಿದ್ದಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ತಪ್ಪು ಇರುವುದು ದತ್ತಾಂಶದ ಬಗೆಯಲ್ಲಿ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು, ಬದಲಾವಣೆ ಯಾರ ಪಾಲಿನದು ಎಂದು. ಯಾವ ಗುಂಪುಗಳಿವೆ, ಯಾವ ಕ್ರಮದಲ್ಲಿವೆ ಎಂಬುದು ದತ್ತಾಂಶದ ಪಾಲು. ಯಾವ ಮೌಲ್ಯಕ್ಕೆ ಯಾವ ಬಣ್ಣ, ಎಲ್ಲೆಲ್ಲಿ ಅಂಕಿ ಹಾಕಬೇಕು, ಆ ಅಂಕಿ ಹೇಗೆ ಕಾಣಬೇಕು ಎಂಬುದು ಸ್ಕೇಲ್‌ನ ಪಾಲು. ಹೆಸರುಗಳು ‘ಲ್ಯಾಬ್ಸ್’ ಪಾಲು. ಅಕ್ಷರದ ಗಾತ್ರ, ಓರೆ, ಲೆಜೆಂಡ್ ಕೂರುವ ಜಾಗ, ಹಿನ್ನೆಲೆ ಇವೆಲ್ಲ ‘ಥೀಮ್’ ಪಾಲು. ಥೀಮ್ ನೋಟವನ್ನು ಮಾತ್ರ ಬದಲಿಸುತ್ತದೆ, ಒಂದು ಅಂಕಿಯನ್ನೂ ಅತ್ತಿತ್ತ ಸರಿಸುವುದಿಲ್ಲ. ಈ ವಿಂಗಡಣೆ ಮನಸ್ಸಿನಲ್ಲಿ ಕೂತರೆ ಹುಡುಕಾಟದ ಮುಕ್ಕಾಲು ಭಾಗ ತಪ್ಪುತ್ತದೆ.

ತಿಂಗಳ ಲೆಜೆಂಡ್

ತಿಂಗಳನ್ನು ‘ಫ್ಯಾಕ್ಟರ್’, ಅಂದರೆ ಕ್ರಮವಿರುವ ಗುಂಪುಗಳ ಕಾಲಂ ಮಾಡಬೇಕು. ಅದರಲ್ಲಿ ‘ಲೆವೆಲ್ಸ್’ ಎಂಬಲ್ಲಿ 5ರಿಂದ 9ರವರೆಗಿನ ಅಂಕಿ, ‘ಲೇಬಲ್ಸ್’ ಎಂಬಲ್ಲಿ ಮೇ, ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಎಂದು ಅದೇ ಕ್ರಮದಲ್ಲಿ ಕೊಟ್ಟರೆ ಲೆಜೆಂಡ್ ತಾನಾಗಿ ಐದು ಚುಕ್ಕೆಗಳ ಪಟ್ಟಿಯಾಗುತ್ತದೆ. ಲೆವೆಲ್ಸ್ ಹೇಳದೆ ತಿಂಗಳ ಹೆಸರನ್ನು ಬರೀ ಪಠ್ಯವಾಗಿ ಬಿಟ್ಟರೆ ಅವು ಆಗಸ್ಟ್, ಜುಲೈ, ಜೂನ್, ಮೇ, ಸೆಪ್ಟೆಂಬರ್ ಎಂದು ಅಕಾರಾದಿಯಲ್ಲಿ ಕೂರುತ್ತವೆ. ಲೆಜೆಂಡಿನ ಕ್ರಮ ಹಾಳಾದಾಗಲೆಲ್ಲ ಫ್ಯಾಕ್ಟರಿನ ಲೆವೆಲ್ಸ್ ಕಡೆ ನೋಡಬೇಕು. ಪಟ್ಟಿಯನ್ನು ತಲೆಕೆಳಗು ಮಾಡಿದರಷ್ಟೇ ಸಾಕು ಎಂದಿದ್ದರೆ ‘ಗೈಡ್_ಲೆಜೆಂಡ್’ ಒಳಗೆ ‘ರಿವರ್ಸ್’ ಅನ್ನು ಟ್ರೂ ಮಾಡಬಹುದು.

ಸ್ಕೇಲ್‌ನಲ್ಲೂ ‘ಲೇಬಲ್ಸ್’ ಕೊಡಬಹುದು. ಆದರೆ ಅಲ್ಲಿ ಹೆಸರುಗಳನ್ನು ಸುಮ್ಮನೆ ಸಾಲಾಗಿ ಕೊಟ್ಟರೆ ಆರ್ ಅವನ್ನು ಇದ್ದ ಕ್ರಮದಲ್ಲೇ ಅಂಟಿಸಿಬಿಡುತ್ತದೆ, ಸರಿಯೋ ತಪ್ಪೋ ನೋಡುವುದಿಲ್ಲ. 5 ಸಮ ಮೇ, 6 ಸಮ ಜೂನ್ ಎಂದು ಜೋಡಿ ಮಾಡಿ ಕೊಡುವುದೇ ಸುರಕ್ಷಿತ. ‘ಸ್ಕೇಲ್_ಕಲರ್_ಮ್ಯಾನ್ಯುಯಲ್’ನ ‘ವ್ಯಾಲ್ಯೂಸ್’ಗೂ ಇದೇ ಮಾತು. ಬಣ್ಣಗಳನ್ನು ಹೆಸರಿನ ಜೊತೆ ಕಟ್ಟಿಟ್ಟರೆ, ನಾಳೆ ಜೂನ್ ತಿಂಗಳನ್ನು ಸೋಸಿ ತೆಗೆದರೂ ಜುಲೈ ಬಣ್ಣ ಬದಲಾಗುವುದಿಲ್ಲ. ಒಂದೇ ವರದಿಯಲ್ಲಿ ಹತ್ತು ಗ್ರಾಫ್ ಇರುವಾಗ ಇದರ ಬೆಲೆ ತಿಳಿಯುತ್ತದೆ.

ಲೆಜೆಂಡಿನಲ್ಲಿ ಹೆಸರಿನ ಜೊತೆ ದಿನಗಳ ಸಂಖ್ಯೆಯನ್ನೂ ಹಾಕುವುದು ಒಳ್ಳೆಯ ಅಭ್ಯಾಸ. ಈ ದತ್ತಾಂಶದಲ್ಲಿ ಓಝೋನ್ ಅಳತೆ ಮೇ, ಜುಲೈ, ಆಗಸ್ಟ್‌ಗಳಲ್ಲಿ ತಲಾ 26 ದಿನ, ಸೆಪ್ಟೆಂಬರಿನಲ್ಲಿ 29 ದಿನ ಇದೆ. ಜೂನ್‌ನಲ್ಲಿ ಬರೀ 9. ‘ಜೂನ್, 9 ದಿನ’ ಎಂದು ಲೆಜೆಂಡೇ ಹೇಳಿದರೆ, ಜೂನ್ ಚುಕ್ಕೆಗಳು ವಿರಳವಾಗಿರುವುದನ್ನು ಓದುಗ ಶುದ್ಧ ಗಾಳಿ ಎಂದು ತಪ್ಪು ತಿಳಿಯುವುದಿಲ್ಲ.

ಜಿಜಿಪ್ಲಾಟ್ ತಾನಾಗಿ ಕೊಡುವ ಬಣ್ಣಗಳಲ್ಲಿ ಒಂದು ಕೊರತೆಯಿದೆ. ಅವೆಲ್ಲ ಹೆಚ್ಚುಕಡಿಮೆ ಒಂದೇ ಹೊಳಪಿನವು, ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದರೆ ಎಲ್ಲವೂ ಒಂದೇ ಬೂದಿ. ‘ಸ್ಕೇಲ್_ಕಲರ್_ವಿರಿಡಿಸ್_ಡಿ’ ಹಾಕಿದರೆ ಹೊಳಪೂ ಹಂತಹಂತವಾಗಿ ಬದಲಾಗುತ್ತದೆ. ಬಣ್ಣದ ಜೊತೆ ಚುಕ್ಕೆಯ ಆಕಾರವನ್ನೂ ತಿಂಗಳಿಗೆ ಕಟ್ಟಿದರೆ ಇನ್ನೂ ಒಳ್ಳೆಯದು. ಆಕಾರಗಳು ತಾನಾಗಿ ಸಿಗುವುದು ಆರು ಮಾತ್ರ; ಏಳನೆಯ ಗುಂಪು ಬಂದರೆ ಎಚ್ಚರಿಕೆ ಕೊಟ್ಟು ಅದರ ಚುಕ್ಕೆಗಳನ್ನು ಬಿಟ್ಟುಬಿಡುತ್ತದೆ.

ಆಕಾರ ಮತ್ತು ಬಣ್ಣ ಎರಡನ್ನೂ ಒಂದೇ ಕಾಲಂಗೆ ಕಟ್ಟಿದಾಗ ಲೆಜೆಂಡ್ ಒಂದೇ ಬರುತ್ತದೆ. ಆಮೇಲೆ ‘ಲ್ಯಾಬ್ಸ್’ನಲ್ಲಿ ‘ಕಲರ್’ಗೆ ಮಾತ್ರ ‘ತಿಂಗಳು’ ಎಂದು ಹೆಸರು ಕೊಟ್ಟರೆ ತಟ್ಟನೆ ಎರಡು ಲೆಜೆಂಡ್‌ಗಳಾಗುತ್ತವೆ. ತಲೆಬರಹವೂ ಒಳಗಿನ ಲೇಬಲ್‌ಗಳೂ ಎರಡು ಕಡೆ ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ಅವು ಕೂಡಿಕೊಳ್ಳುತ್ತವೆ. ‘ಕಲರ್’ಗೂ ‘ಶೇಪ್’ಗೂ ಅದೇ ಹೆಸರು ಕೊಟ್ಟರೆ ಮತ್ತೆ ಒಂದಾಗುತ್ತವೆ. ತಲೆಬರಹ ಬದಲಾಗುವುದೇ ಇಲ್ಲ ಎಂಬ ದೂರಿನ ಹಿಂದೆ ಇದರ ಹತ್ತಿರದ ಕಾರಣವೇ ಇರುತ್ತದೆ: ಕಂಬ ಮತ್ತು ಬಾಕ್ಸ್‌ಪ್ಲಾಟ್‌ಗಳ ಒಳಬಣ್ಣ ‘ಫಿಲ್’, ಗೆರೆ ಮತ್ತು ಚುಕ್ಕೆಗಳದ್ದು ‘ಕಲರ್’. ಫಿಲ್ ಬಳಸಿದ ಗ್ರಾಫಿನಲ್ಲಿ ಕಲರ್‌ಗೆ ಹೆಸರು ಕೊಟ್ಟರೆ ಏನೂ ಆಗುವುದಿಲ್ಲ.

ಎಲ್ಲ ಚುಕ್ಕೆಗಳನ್ನೂ ನೀಲಿ ಮಾಡಬೇಕೆಂದು, ಯಾವ ಕಾಲಂ ಯಾವುದಕ್ಕೆ ಎಂದು ಹೇಳುವ ‘ಎಇಎಸ್’ ಆವರಣದ ಒಳಗೆ ಕಲರ್ ಸಮ ಬ್ಲೂ ಎಂದು ಬರೆದರೆ ಚುಕ್ಕೆಗಳು ಕೆಂಪುಮಿಶ್ರಿತ ಬಣ್ಣಕ್ಕೆ ತಿರುಗಿ, ಪಕ್ಕದಲ್ಲಿ ಬ್ಲೂ ಎಂಬ ಹೆಸರಿನ ಲೆಜೆಂಡ್ ಬರುತ್ತದೆ. ಎಇಎಸ್ ಒಳಗೆ ಬರೆದದ್ದು ದತ್ತಾಂಶ ಎಂದೇ ಅರ್ಥ. ಬ್ಲೂ ಎಂಬ ಒಂದೇ ಗುಂಪು ಇದೆ ಎಂದುಕೊಂಡು ಆರ್ ಅದಕ್ಕೆ ತನ್ನ ಮೊದಲ ಬಣ್ಣ ಕೊಟ್ಟಿತು. ಸ್ಥಿರವಾದ ಬಣ್ಣ, ಗಾತ್ರಗಳನ್ನು ಆವರಣದ ಹೊರಗೆ ಬರೆಯಬೇಕು.

ಚುಕ್ಕೆಗಳನ್ನು ಅರೆಪಾರದರ್ಶಕ ಮಾಡಿದಾಗ ಲೆಜೆಂಡಿನ ಚುಕ್ಕೆಗಳೂ ಮಸುಕಾಗುತ್ತವೆ. ‘ಗೈಡ್ಸ್’ ಒಳಗೆ ‘ಗೈಡ್_ಲೆಜೆಂಡ್’, ಅದರೊಳಗೆ ‘ಓವರ್‌ರೈಡ್.ಎಇಎಸ್’ನಲ್ಲಿ ಆಲ್ಫಾ 1, ಸೈಜ್ 4 ಎಂದು ಕೊಟ್ಟರೆ ಲೆಜೆಂಡ್ ಮಾತ್ರ ದಟ್ಟವಾಗುತ್ತದೆ. ಬೇಡದ ಲೆಜೆಂಡನ್ನು ತೆಗೆಯಲು ಗೈಡ್ಸ್‌ನಲ್ಲಿ ಆ ಅಂಶಕ್ಕೆ ‘ನನ್’ ಎಂದು ಕೊಡಬೇಕು. ಹಳೆಯ ಪಾಠಗಳಲ್ಲಿ ಕಾಣುವ ‘ಫಾಲ್ಸ್’ ಬಳಕೆ ಈಗ ಹಿಂದೆ ಬಿದ್ದಿದೆ.

ಅಕ್ಷದ ಮಿತಿ: ಇಲ್ಲಿ ಎಡವಿದರೆ ಫಲಿತಾಂಶವೇ ಬದಲಾಗುತ್ತದೆ

ಉಳಿದ ತಪ್ಪುಗಳು ಗ್ರಾಫನ್ನು ಅಂದಗೆಡಿಸುತ್ತವೆ. ಈ ತಪ್ಪು ಗ್ರಾಫಿನಿಂದ ಸುಳ್ಳು ಹೇಳಿಸುತ್ತದೆ. ಅದಕ್ಕೇ ನಿಧಾನವಾಗಿ ನೋಡೋಣ.

ಏರ್‌ಕ್ವಾಲಿಟಿ ಗ್ರಾಫ್ ಬರೆದ ಕೂಡಲೇ 37 ಸಾಲು ತೆಗೆದುಹಾಕಿದೆ ಎಂಬ ಎಚ್ಚರಿಕೆ ಬರುತ್ತದೆ. ಅಳತೆಯಿಲ್ಲದ ದಿನಗಳು ಅವು, ಹೆದರಬೇಕಿಲ್ಲ. ಈಗ ವೈ ಅಕ್ಷ 100ಕ್ಕೆ ನಿಲ್ಲಲಿ ಎಂದು ‘ವೈಲಿಮ್’ ಅಥವಾ ‘ಸ್ಕೇಲ್_ವೈ_ಕಂಟಿನ್ಯೂಅಸ್’ನ ‘ಲಿಮಿಟ್ಸ್’ನಲ್ಲಿ 0 ಮತ್ತು 100 ಕೊಡಿ. ಎಚ್ಚರಿಕೆಯಲ್ಲಿ 44 ಸಾಲು ಎಂದು ಕಾಣುತ್ತದೆ. ಹೆಚ್ಚಾದ ಆ 7 ಸಾಲುಗಳು ಓಝೋನ್ 100 ದಾಟಿದ ದಿನಗಳು. 168 ಪಿಪಿಬಿ ಮುಟ್ಟಿದ ಆಗಸ್ಟ್ ತಿಂಗಳ ದಿನವೂ ಅದರಲ್ಲಿದೆ. ಅವು ಕಣ್ಣಿಂದ ಮರೆಯಾದದ್ದು ಮಾತ್ರವಲ್ಲ, ಲೆಕ್ಕದಿಂದಲೇ ಹೊರಗೆ ಹೋದವು. ಸ್ಕೇಲ್ ಮೊದಲು ಮಿತಿಯಾಚೆಗಿನ ಮೌಲ್ಯಗಳನ್ನು ‘ಎನ್ಎ’, ಅಂದರೆ ಅಳತೆಯಿಲ್ಲದ್ದು ಎಂದು ಮಾಡುತ್ತದೆ, ‘ಜಿಯೋಮ್_ಸ್ಮೂತ್’ ಆಮೇಲೆ ಉಳಿದದ್ದರ ಮೇಲೆ ಗೆರೆ ಎಳೆಯುತ್ತದೆ. ಎಲ್ಲ 116 ದಿನಗಳನ್ನು ಇಟ್ಟುಕೊಂಡು ನೇರ ಗೆರೆ ಹಾಕಿದರೆ ಒಂದು ಡಿಗ್ರಿ ಫ್ಯಾರನ್‌ಹೀಟ್‌ಗೆ ಓಝೋನ್ ಸುಮಾರು 2.43 ಪಿಪಿಬಿ ಏರುತ್ತದೆ. ಆ ಏಳು ದಿನಗಳು ಸರಾಸರಿಗಿಂತ ಬೆಚ್ಚಗಿದ್ದು, ಗೆರೆಗಿಂತ ಬಹಳ ಮೇಲಿದ್ದವು. ಅವನ್ನು ಕಿತ್ತಾಗ ಏರಿಕೆ ತಗ್ಗುತ್ತದೆ. ಬಾಕ್ಸ್‌ಪ್ಲಾಟ್ ಆದರೆ ಮಧ್ಯಾಂಕವೇ ಸರಿಯುತ್ತದೆ.

ಬರೀ ಹತ್ತಿರದಿಂದ ನೋಡಬೇಕಿದ್ದರೆ ‘ಕೋಆರ್ಡ್_ಕಾರ್ಟೇಶಿಯನ್’ ಒಳಗೆ ವೈಲಿಮ್ ಕೊಡಬೇಕು. ಅದು ಲೆಕ್ಕವೆಲ್ಲ ಮುಗಿದ ಮೇಲೆ ಕಿಟಕಿಯನ್ನಷ್ಟೇ ಚಿಕ್ಕದು ಮಾಡುತ್ತದೆ. ಎಚ್ಚರಿಕೆ 37ರಲ್ಲೇ ನಿಲ್ಲುತ್ತದೆ. ಅಕ್ಷ ಮುಟ್ಟಿದ ಮೇಲೆ ಎಚ್ಚರಿಕೆಯ ಸಂಖ್ಯೆ ಬದಲಾಯಿತೇ ಎಂದು ಪ್ರತಿಸಲ ನೋಡುವುದು ರೂಢಿಯಾಗಲಿ. ಕಂಬದ ಗ್ರಾಫಿನಲ್ಲಿ ವೈಲಿಮ್ ಅನ್ನು 50ರಿಂದ ಶುರುಮಾಡಿದರೆ ಕಂಬಗಳೇ ಮಾಯವಾಗುವುದಕ್ಕೂ ಇದೇ ಕಾರಣ. ಕಂಬದ ಬುಡ ಸೊನ್ನೆಯಲ್ಲಿದೆ, ಸೊನ್ನೆ ಮಿತಿಯ ಹೊರಗಿದೆ. ಹಾಗೆ ಮಾಯವಾಗುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ, ಕಂಬದ ಉದ್ದವೇ ಮೌಲ್ಯವಾಗಿರುವಾಗ ಬುಡ ಕತ್ತರಿಸುವುದು ಸರಿಯಲ್ಲ.

ಚುಕ್ಕೆಗಳಿಗೂ ಅಕ್ಷಕ್ಕೂ ನಡುವೆ ಬರುವ ಖಾಲಿ ಜಾಗ ‘ಎಕ್ಸ್‌ಪ್ಯಾಂಡ್’ನದು. ಅಂಕಿಗಳ ಅಕ್ಷಕ್ಕೆ ಎರಡೂ ತುದಿಯಲ್ಲಿ ಶೇ. 5ರಷ್ಟು ಜಾಗ ತಾನಾಗಿ ಸೇರುತ್ತದೆ. ಕಂಬಗಳು ತೇಲುವಂತೆ ಕಾಣುವುದು ಇದರಿಂದ. ‘ಎಕ್ಸ್‌ಪ್ಯಾನ್ಶನ್’ ಒಳಗೆ ‘ಮಲ್ಟ್’ಗೆ 0 ಮತ್ತು 0.05 ಎಂದು ಕೊಟ್ಟರೆ ಕೆಳಗೆ ಅಂಟಿಕೊಂಡು, ಮೇಲೆ ಉಸಿರಾಡಲು ಜಾಗ ಉಳಿಯುತ್ತದೆ.

ಅಂಕಿಗಳು ಎಲ್ಲಿ ಬೀಳಬೇಕು ಎಂಬುದಕ್ಕೆ ‘ಬ್ರೇಕ್ಸ್’, ಏನೆಂದು ಕಾಣಬೇಕು ಎಂಬುದಕ್ಕೆ ‘ಲೇಬಲ್ಸ್’. ಎರಡರ ಉದ್ದ ಸಮನಾಗಿರದಿದ್ದರೆ ದೋಷ ಬರುತ್ತದೆ. ಲೇಬಲ್ಸ್‌ಗೆ ಪಟ್ಟಿಯ ಬದಲು ಫಂಕ್ಷನ್ ಕೊಟ್ಟರೆ ಆ ಚಿಂತೆಯಿಲ್ಲ. ನಮ್ಮ ಓದುಗರಿಗೆ ಇದು ತುಂಬ ಉಪಯುಕ್ತ: ದೊಡ್ಡ ಸಂಖ್ಯೆಗಳನ್ನು ಆರ್ ಹತ್ತರ ಘಾತದಲ್ಲಿ ಬರೆಯುತ್ತದೆ, ಅಲ್ಪವಿರಾಮ ಹಾಕಿಸಿದರೆ ಮೂರು ಮೂರು ಅಂಕಿಗೆ ಹಾಕುತ್ತದೆ. ಲಕ್ಷ-ಕೋಟಿ ಓದುವವರಿಗೆ ಎರಡೂ ತೊಡಕು. ‘ಸ್ಕೇಲ್ಸ್’ ಪ್ಯಾಕೇಜಿನ ‘ಲೇಬಲ್_ನಂಬರ್’ಗೆ ಸ್ಕೇಲ್ ಎಂಬಲ್ಲಿ ಲಕ್ಷದಲ್ಲೊಂದು ಭಾಗವನ್ನು, ಅಂದರೆ 0.00001 ಅನ್ನು ಕೊಟ್ಟು, ‘ಸಫಿಕ್ಸ್’ ಎಂಬಲ್ಲಿ ಒಂದು ಖಾಲಿ ಜಾಗ ಬಿಟ್ಟು ‘ಲಕ್ಷ’ ಎಂದು ಬರೆದರೆ 2500000 ಇದ್ದದ್ದು ‘25 ಲಕ್ಷ’ ಆಗುತ್ತದೆ. ಕನ್ನಡ ಅಂಕಿಗಳೇ ಬೇಕೆಂದರೆ ‘ಸಿಎಚ್ಎಆರ್‌ಟಿಆರ್’ ಫಂಕ್ಷನ್ನಿಗೆ 0ಯಿಂದ 9ರವರೆಗಿನ ಅಂಕಿಗಳನ್ನೂ ೦ಯಿಂದ ೯ರವರೆಗಿನ ಅಂಕಿಗಳನ್ನೂ ಕೊಟ್ಟು, ಲೇಬಲ್ಸ್ ಒಳಗೆ ಕೂರಿಸಿದರೆ ಸಾಕು.

ಎರಡನೆಯ ಅಕ್ಷದ ಸರಿಯಾದ ಬಳಕೆಯೂ ಈ ದತ್ತಾಂಶದಲ್ಲೇ ಸಿಗುತ್ತದೆ. ಫ್ಯಾರನ್‌ಹೀಟ್ ನಮಗೆ ಅಳತೆಗೆ ಸಿಗದ ಮಾನ. ‘ಸೆಕ್_ಆಕ್ಸಿಸ್’ನಲ್ಲಿ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸುವ ಸೂತ್ರ ಕೊಟ್ಟರೆ ಮೇಲಂಚಿನಲ್ಲಿ ಸೆಲ್ಸಿಯಸ್ ಬರುತ್ತದೆ, 56 ಎಂದರೆ ಸುಮಾರು 13, 97 ಎಂದರೆ ಸುಮಾರು 36. ಜಿಜಿಪ್ಲಾಟ್ ಇಂಥ ಸೂತ್ರದಿಂದ ಬರುವ ಅಕ್ಷವನ್ನಷ್ಟೇ ಬಿಡುತ್ತದೆ. ಸಂಬಂಧವಿಲ್ಲದ ಎರಡು ಅಳತೆಗಳನ್ನು ಎಡಕ್ಕೊಂದು ಬಲಕ್ಕೊಂದು ನಿಲ್ಲಿಸುವವರು ಒಂದನ್ನು ಇನ್ನೊಂದರ ಅಳತೆಗೆ ತಾವೇ ಹಿಗ್ಗಿಸಬೇಕಾಗುತ್ತದೆ. ಎರಡು ಗೆರೆಗಳು ಎಲ್ಲಿ ಸಂಧಿಸಬೇಕೆಂಬುದು ಆಗ ಗ್ರಾಫ್ ಬರೆದವರ ಕೈಯಲ್ಲಿರುತ್ತದೆ, ಆದ್ದರಿಂದ ಅದನ್ನು ಬಿಟ್ಟುಬಿಡುವುದೇ ಮೇಲು.

ದಿನಾಂಕದ ಅಕ್ಷದಲ್ಲಿ ನೂರಾರು ಲೇಬಲ್‌ಗಳು ಒಂದರ ಮೇಲೊಂದು ಬಿದ್ದು ಕಪ್ಪು ಪಟ್ಟಿಯಾಗಿದ್ದರೆ ಆ ಕಾಲಂ ಪಠ್ಯವಾಗಿದೆ ಎಂದೇ ಲೆಕ್ಕ. ‘ಆಸ್.ಡೇಟ್’ ಮೂಲಕ ದಿನಾಂಕ ಮಾಡಿ, ‘ಸ್ಕೇಲ್_ಎಕ್ಸ್_ಡೇಟ್’ನಲ್ಲಿ ‘ಡೇಟ್_ಬ್ರೇಕ್ಸ್’ಗೆ ಒಂದು ತಿಂಗಳು ಎಂದು ಕೊಟ್ಟರೆ ಐದಾರು ಲೇಬಲ್ ಉಳಿಯುತ್ತವೆ.

ಉದ್ದದ ಹೆಸರುಗಳು ಢಿಕ್ಕಿ ಹೊಡೆದರೆ ಎಲ್ಲರೂ ಮೊದಲು ಓರೆ ಮಾಡುತ್ತಾರೆ. ಥೀಮ್‌ನಲ್ಲಿ ‘ಆಕ್ಸಿಸ್.ಟೆಕ್ಸ್ಟ್.ಎಕ್ಸ್’ಗೆ ಕೋನ 45 ಕೊಟ್ಟು ‘ಎಚ್‌ಜಸ್ಟ್’ 1 ಮಾಡದಿದ್ದರೆ ಹೆಸರಿನ ನಡುಭಾಗ ಗುರುತಿನ ಕೆಳಗೆ ನಿಂತು, ಅಕ್ಷರಗಳು ಗ್ರಾಫಿನೊಳಗೆ ನುಗ್ಗುತ್ತವೆ. ‘ಗೈಡ್_ಆಕ್ಸಿಸ್’ಗೆ ಕೋನ ಕೊಟ್ಟರೆ ಈ ಜೋಡಣೆಯನ್ನು ಅದೇ ನೋಡಿಕೊಳ್ಳುತ್ತದೆ, ‘ಎನ್.ಡಾಡ್ಜ್’ 2 ಎಂದರೆ ಹೆಸರುಗಳು ಮೇಲೆ-ಕೆಳಗೆ ಎರಡು ಸಾಲಾಗುತ್ತವೆ. ಇದೆಲ್ಲಕ್ಕಿಂತ ಸುಲಭದ್ದು, ಹೆಸರುಗಳನ್ನು ವೈ ಅಕ್ಷಕ್ಕೆ ಕೊಟ್ಟು ಗ್ರಾಫನ್ನು ಅಡ್ಡ ಮಲಗಿಸುವುದು. ಒತ್ತಕ್ಷರಗಳು ಕೆಳಗೆ ಇಳಿಯುವ ಕನ್ನಡಕ್ಕಂತೂ ಓರೆ ಬರಹ ಓದಲು ಕಷ್ಟ.

ಲೆಜೆಂಡ್ ಕೂರುವ ಜಾಗ

‘ಲೆಜೆಂಡ್.ಪೊಸಿಶನ್’ಗೆ ಟಾಪ್, ಬಾಟಮ್, ಲೆಫ್ಟ್, ರೈಟ್, ನನ್ ಕೊಡಬಹುದು. ಗ್ರಾಫಿನ ಒಳಗೆ ಇಡಲು ಹಿಂದೆ ಎರಡು ಅಂಕಿ ಕೊಡುತ್ತಿದ್ದರು. 2024ರಲ್ಲಿ ಬಂದ 3.5.0 ಆವೃತ್ತಿಯಿಂದ ‘ಇನ್‌ಸೈಡ್’ ಎಂದು ಹೇಳಿ, ಅಂಕಿಗಳನ್ನು ‘ಲೆಜೆಂಡ್.ಪೊಸಿಶನ್.ಇನ್‌ಸೈಡ್’ನಲ್ಲಿ ಕೊಡಬೇಕು. ನಮ್ಮ ಗ್ರಾಫಿನಲ್ಲಿ ಎಡ ಮೇಲ್ಮೂಲೆ ಖಾಲಿ ಇದೆ, ತಂಪು ದಿನಗಳಲ್ಲಿ ಓಝೋನ್ ಏರಿಲ್ಲವಲ್ಲ. ಅಲ್ಲಿಗೆ 0.02 ಮತ್ತು 0.98 ಕೊಟ್ಟು, ‘ಲೆಜೆಂಡ್.ಜಸ್ಟಿಫಿಕೇಶನ್’ಗೆ 0 ಮತ್ತು 1 ಕೊಟ್ಟರೆ ಲೆಜೆಂಡಿನ ಎಡ ಮೇಲ್ತುದಿ ಆ ಬಿಂದುವಿಗೆ ಸರಿಯಾಗಿ ಕೂರುತ್ತದೆ.

ಇಷ್ಟೆಲ್ಲ ಮಾಡಿ ಕೊನೆಗೆ ‘ಥೀಮ್_ಬಿಡಬ್ಲ್ಯೂ’ ಸೇರಿಸಿದರೆ ಥೀಮ್‌ನಲ್ಲಿ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಅದು ಇಡಿಯ ಥೀಮ್, ಹಿಂದಿನ ಬದಲಾವಣೆಗಳ ಮೇಲೆ ಪೂರ್ತಿ ಹೊದಿಕೆ. ಅದು ಮೊದಲು ಬರಬೇಕು, ನಮ್ಮ ತಿದ್ದುಪಡಿ ಆಮೇಲೆ.

ಮೂಲ ಗ್ರಾಫಿಕ್ಸ್‌ನಲ್ಲಿ

ಜಿಜಿಪ್ಲಾಟ್ ಇಲ್ಲದೆ ಆರ್ ಜೊತೆಗೇ ಬರುವ ‘ಪ್ಲಾಟ್’ ಕಮಾಂಡಿನ ಲೋಕ ಬೇರೆ. ಇಲ್ಲಿ ‘ಲೆಜೆಂಡ್’ ಕಮಾಂಡಿಗೆ ಗ್ರಾಫಿನ ಬಗ್ಗೆ ಏನೂ ಗೊತ್ತಿಲ್ಲ, ಹೇಳಿದ್ದನ್ನು ಬರೆಯುತ್ತದೆ. ಅಂಕಿಯ ತಿಂಗಳನ್ನೇ ‘ಕಾಲ್’ಗೆ ಕೊಟ್ಟರೆ ಅದು ಬಣ್ಣದ ಪೆಟ್ಟಿಗೆಯ ಐದನೆಯದರಿಂದ ಒಂಬತ್ತನೆಯ ಬಣ್ಣವನ್ನು ಕೇಳಿದಂತೆ. ಪೆಟ್ಟಿಗೆಯಲ್ಲಿರುವುದು ಎಂಟೇ ಬಣ್ಣ. ಹಾಗಾಗಿ ಮೇ ತಿಂಗಳಿಗೆ ಐದನೆಯದಾದ ತಿಳಿ ಆಕಾಶನೀಲಿ, ಸೆಪ್ಟೆಂಬರಿಗೆ ಸುತ್ತುಹಾಕಿ ಬಂದ ಮೊದಲನೆಯ ಕಪ್ಪು. ಲೆಜೆಂಡಿನಲ್ಲಿ ಯೋಚಿಸದೆ 1ರಿಂದ 5 ಎಂದು ಬರೆದರೆ ಮೇ ಕಪ್ಪು, ಸೆಪ್ಟೆಂಬರ್ ಆಕಾಶನೀಲಿ ಎಂದು ಬರುತ್ತದೆ: ಎರಡು ತಿಂಗಳು ಅದಲುಬದಲು, ಒಂದು ಎಚ್ಚರಿಕೆಯೂ ಇಲ್ಲ. ಬಣ್ಣಗಳ ಪಟ್ಟಿಯನ್ನು ಒಮ್ಮೆ ಹೆಸರಿಟ್ಟು ಉಳಿಸಿಕೊಂಡು, ಪ್ಲಾಟ್‌ಗೂ ಲೆಜೆಂಡ್‌ಗೂ ಅದನ್ನೇ ಕೊಡುವುದೊಂದೇ ಭರವಸೆಯ ದಾರಿ.

ಲೆಜೆಂಡನ್ನು ಹೊರಗೆ ಇಡಲು ಮೊದಲು ಅಂಚು ಹಿಗ್ಗಿಸಬೇಕು. ‘ಪಾರ್’ನ ‘ಮಾರ್’ನಲ್ಲಿ ಕ್ರಮ ಕೆಳಗೆ, ಎಡ, ಮೇಲೆ, ಬಲ, ಮೊದಲಿರುವುದು 5.1, 4.1, 4.1, 2.1 ಸಾಲು. ಬಲವನ್ನು 8 ಮಾಡಿ, ಪ್ಲಾಟ್ ಬರೆದು, ಲೆಜೆಂಡನ್ನು ಟಾಪ್‌ರೈಟ್‌ಗೆ ಇಟ್ಟು, ‘ಇನ್‌ಸೆಟ್’ನಲ್ಲಿ ಮೈನಸ್ 0.25 ಮತ್ತು 0 ಕೊಟ್ಟು ‘ಎಕ್ಸ್‌ಪಿಡಿ’ ಟ್ರೂ ಮಾಡಬೇಕು. ಎಕ್ಸ್‌ಪಿಡಿ ಮರೆತರೆ ಚೌಕಟ್ಟಿನ ಹೊರಗಿನದು ಕತ್ತರಿಸಿಹೋಗುತ್ತದೆ. ಅಂಚು ತೀರಾ ದೊಡ್ಡದು ಎಂಬ ದೋಷ ಬಂದರೆ, ಹೆಚ್ಚಿನ ಸಲ ಆರ್ ಬರೆಯಲು ಬಳಸುವ ತಂತ್ರಾಂಶವಾದ ಆರ್‌ಸ್ಟುಡಿಯೋದ ಪ್ಲಾಟ್ ಕಿಟಕಿ ಕಿರಿದಾಗಿರುತ್ತದೆ, ಅದನ್ನು ಎಳೆದು ಹಿಗ್ಗಿಸಿದರೆ ಸಾಕು.

ಅಕ್ಷವನ್ನು ಕೈಯಾರೆ ಬರೆಯಲು ಪ್ಲಾಟ್‌ನಲ್ಲಿ ‘ಎಕ್ಸ್ಎಎಕ್ಸ್‌ಟಿ’ಗೆ ‘ಎನ್’ ಕೊಟ್ಟು, ಆಮೇಲೆ ‘ಆಕ್ಸಿಸ್’ ಕರೆಯಬೇಕು. 1 ಕೆಳಗೆ, 2 ಎಡ, 3 ಮೇಲೆ, 4 ಬಲ. ಒತ್ತಾದ ಲೇಬಲ್‌ಗಳಲ್ಲಿ ಕೆಲವನ್ನು ಆಕ್ಸಿಸ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹತ್ತು ಕೊಟ್ಟರೆ ಆರೇ ಕಂಡರೆ ಅಕ್ಷರ ಚಿಕ್ಕದು ಮಾಡಿ, ಇಲ್ಲವೇ ‘ಲಾಸ್’ 2 ಮಾಡಿ ಲಂಬ ನಿಲ್ಲಿಸಿ. ಕಂಬಗಳ ಮೇಲೆ ಅಂಕಿ ಬರೆಯುವಾಗ 1, 2, 3 ಎಂದು ಜಾಗ ಕೊಟ್ಟರೆ ಅವು ಪಕ್ಕಕ್ಕೆ ಜಾರುತ್ತವೆ. ‘ಬಾರ್‌ಪ್ಲಾಟ್’ ಕಂಬಗಳ ನಡುಬಿಂದು 0.7, 1.9, 3.1 ಹೀಗೆ ಸಾಗುತ್ತದೆ. ಬಾರ್‌ಪ್ಲಾಟ್ ಮರಳಿಸುವ ಮೌಲ್ಯವನ್ನು ಉಳಿಸಿಕೊಂಡು ‘ಟೆಕ್ಸ್ಟ್’ಗೆ ಅದನ್ನೇ ಕೊಡಬೇಕು.

ಅಕ್ಷರದ ಗಾತ್ರ, ಕನ್ನಡ ಅಕ್ಷರ

ಥೀಮ್‌ನಲ್ಲಿ ಗಾತ್ರ ಪಾಯಿಂಟ್‌ನಲ್ಲಿ, ‘ಜಿಯೋಮ್_ಟೆಕ್ಸ್ಟ್’ನಲ್ಲಿ ಮಿಲಿಮೀಟರ್‌ನಲ್ಲಿ. ಒಂದು ಮಿಲಿಮೀಟರ್ ಸುಮಾರು 2.845 ಪಾಯಿಂಟ್. ಚುಕ್ಕೆಯ ಪಕ್ಕದ ಹೆಸರಿಗೆ 12 ಎಂದು ಕೊಟ್ಟರೆ ಅದು 34 ಪಾಯಿಂಟ್ ಆಗಿ ಗ್ರಾಫನ್ನೇ ನುಂಗುವುದು ಇದಕ್ಕೇ. 11 ಪಾಯಿಂಟ್ ಬೇಕಿದ್ದರೆ 3.87 ಕೊಡಬೇಕು.

ಉಳಿಸುವಾಗ ‘ಜಿಜಿಸೇವ್’ಗೆ ಅಗಲ, ಎತ್ತರ ಹೇಳಲೇಬೇಕು, ಅದೂ ಪುಟದಲ್ಲಿ ಕೂರುವ ನಿಜ ಅಳತೆ. 40 ಸೆಂಟಿಮೀಟರ್ ಅಗಲಕ್ಕೆ ಉಳಿಸಿ ವರ್ಡ್‌ನಲ್ಲಿ 16ಕ್ಕೆ ಕುಗ್ಗಿಸಿದರೆ 11 ಪಾಯಿಂಟಿನ ಅಕ್ಷರ 4.4 ಪಾಯಿಂಟಿಗೆ ಇಳಿಯುತ್ತದೆ. ಅಕ್ಷದ ಅಂಕಿಗಳು ಇನ್ನೂ ಚಿಕ್ಕವು.

ಕನ್ನಡದಲ್ಲಿ ಲೇಬಲ್ ಹಾಕುವವರಿಗೆ ಕೊನೆಯ ತಡೆ ಫೈಲ್ ಬರೆಯುವ ಸಾಧನ. ಮಾಮೂಲಿ ‘ಪಿಡಿಎಫ್’ ಸಾಧನ ಕನ್ನಡ ಅಕ್ಷರಗಳನ್ನು ಗುರುತಿಸದೆ ಎಚ್ಚರಿಕೆ ಕೊಟ್ಟು ಚುಕ್ಕೆಗಳನ್ನು ಹಾಕುತ್ತದೆ. ಪಿಎನ್‌ಜಿಗೆ ‘ರ‍್ಯಾಗ್’ ಪ್ಯಾಕೇಜ್ ಹಾಕಿಕೊಳ್ಳಿ. ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವ ಲಿಪಿ ಎಂಜಿನ್ ಅದರ ಜೊತೆಯಲ್ಲೇ ಬರುತ್ತದೆ. ಆರ್‌ಸ್ಟುಡಿಯೋದಲ್ಲೂ ಗ್ಲೋಬಲ್ ಆಪ್ಷನ್ಸ್, ಜನರಲ್, ಗ್ರಾಫಿಕ್ಸ್‌ಗೆ ಹೋಗಿ ಬ್ಯಾಕೆಂಡ್ ಅನ್ನು ಎಜಿಜಿ ಮಾಡಬಹುದು. ಥೀಮ್‌ನಲ್ಲಿ ‘ಬೇಸ್_ಫ್ಯಾಮಿಲಿ’ಗೆ ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹೆಸರಿಸಿ, ಜಿಯೋಮ್_ಟೆಕ್ಸ್ಟ್ ಥೀಮ್‌ನ ಫಾಂಟನ್ನು ತಾನಾಗಿ ಎತ್ತಿಕೊಳ್ಳುತ್ತದೆಂದು ನಂಬದೆ ಅಲ್ಲಿ ‘ಫ್ಯಾಮಿಲಿ’ಯನ್ನು ಬೇರೆಯಾಗಿ ಕೊಡಿ. ಸರಿಯಾಯಿತೇ ಎಂದು ತಿಳಿಯಲು ನಮ್ಮ ಲೆಜೆಂಡೇ ಸಾಕು: ‘ಮೇ’ ಮತ್ತು ‘ಜೂನ್’ ಹೇಗೂ ಬಂದುಬಿಡಬಹುದು, ‘ಆಗಸ್ಟ್’ನಲ್ಲಿ ಟಕಾರ ಸಕಾರದ ಕೆಳಗೆ, ‘ಸೆಪ್ಟೆಂಬರ್’ನಲ್ಲಿ ಟಕಾರ ಪಕಾರದ ಕೆಳಗೆ ಇಳಿದಿದೆಯೇ ಎಂದು ಉಳಿಸಿದ ಫೈಲನ್ನೇ ತೆರೆದು ನೋಡಬೇಕು, ಪರದೆಯ ಮೇಲಿನ ಗ್ರಾಫನ್ನಲ್ಲ.